ಅಪ್ಪಯ್ಯನ ಕಥೆ ಮನೆಗೆಲ್ಲ ಗೊತ್ತು. ಮೊದಲು ಅಮ್ಮನ ಹತ್ತಿರ ಕುಳಿತುಕೊಳ್ಳಿ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 78 ವರ್ಷ, ಅಮ್ಮನಿಗೆ 72. ಅಪ್ಪಯ್ಯ ಹುಟ್ಟಿದ ಊರು ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು. ಈಗ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಅಮ್ಮನ ತವರು ಹಿನ್ನೀರಿನ ಆಚೆ, ತುಮರಿ ಕಡೆ. ಇಬ್ಬರ ಬದುಕಿನ ಕಥೆಯನ್ನೂ ಧ್ವನಿಮುದ್ರಿಸಿ ಮಕ್ಕಳಿಗೆ ಉಳಿಸಬೇಕೆಂಬ ಆಸೆ ನನ್ನದು. ಅಪ್ಪಯ್ಯ ಮಾತಿಗೆ ಕೂರುತ್ತಾರೆ, ಆದರೆ ಹೇಳಿದ್ದನ್ನೇ ಹೇಳುತ್ತಾರೆ. ಅಮ್ಮ ‘ನನ್ನದೇನಿದೆ ಹೇಳುವುದಕ್ಕೆ’ ಎಂದು ಎದ್ದು ಹೋಗುತ್ತಾರೆ. ತಮ್ಮನಿಗೆ ವೀಡಿಯೊವೇ ಆಗಬೇಕಂತೆ. ಅಜ್ಜಿ ಮದುವೆಯ ಹಸೆಹಾಡು ಹಾಡಿದ ಹಳೆಯ ಕ್ಯಾಸೆಟ್ ಒಂದಿದೆ, ಅದಕ್ಕೆ ಬೂಷ್ಟು ಹಿಡಿದಿದೆ. ನಾನಿರುವುದು ಬೆಂಗಳೂರಿನಲ್ಲಿ, ಊರಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಮ್ಮನಿಂದ ಶುರು ಮಾಡಿ. ಅಪ್ಪಯ್ಯನವರ ಕಥೆ ನಿಮಗೆ, ನಿಮ್ಮ ತಮ್ಮನಿಗೆ, ನೆಂಟರಿಷ್ಟರಿಗೆ ಈಗಾಗಲೇ ಬಾಯಿಪಾಠ. ಅವರು ನಾಳೆ ಮಾತು ನಿಲ್ಲಿಸಿದರೂ ಅದರ ಮುಕ್ಕಾಲು ಪಾಲನ್ನು ನೀವೇ ಹೇಳಬಲ್ಲಿರಿ. ಅಮ್ಮನ ಕಥೆ ಅಮ್ಮನೊಬ್ಬರಲ್ಲೇ ಇದೆ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಹಿರಿಯರ ಮಾತು ಧ್ವನಿಮುದ್ರಿಸುವ ಕೆಲಸಕ್ಕೆ ನಾನು ಬಂದು ಇಪ್ಪತ್ತು ವರ್ಷ ದಾಟಿತು. ಮೊದಲು ಮಾಡಿದ್ದು ನನ್ನ ತಂದೆಯವರದು, ಒಟ್ಟು ಹನ್ನೊಂದು ಗಂಟೆ. ಅದರಲ್ಲೊಂದು ಕಡೆ ಅಪ್ಪ ನೆರೆ ಬಂದ ವರ್ಷದ ಸಂಗತಿ ಹೇಳುತ್ತಿರುವಾಗ ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ: ‘ಆ ವರ್ಷ ಅಲ್ಲ, ಆಗ ನಾನು ಬಾಣಂತಿ, ಕೊಟ್ಟಿಗೆಗೆ ನೀರು ನುಗ್ಗಿ...’ ತಕ್ಷಣ ನನ್ನ ದನಿ: ‘ಅಮ್ಮಾ, ಸ್ವಲ್ಪ ಸುಮ್ಮನಿರು, ರೆಕಾರ್ಡ್ ಆಗುತ್ತಿದೆ.’ ಅಮ್ಮ ಸುಮ್ಮನಾದರು. ಮುಂದೆ ಅವರನ್ನು ಕೂರಿಸಿಕೊಂಡು ಕೇಳೋಣವೆಂದು ಅಂದುಕೊಳ್ಳುತ್ತಿರುವಾಗಲೇ ತೀರಿಕೊಂಡರು. ನೀರು ನುಗ್ಗಿದ ಕೊಟ್ಟಿಗೆಯಲ್ಲಿ ಹಸಿ ಬಾಣಂತಿ ಏನು ಮಾಡಿದಳು, ದನಗಳ ಹಗ್ಗ ಬಿಚ್ಚಿದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದ್ದವರು ಯಾರೂ ಈಗ ಇಲ್ಲ.

ಅಮ್ಮಂದಿರು ‘ನನ್ನದೇನಿದೆ’ ಎನ್ನುವುದು ಬರೀ ನಾಚಿಕೆಯಿಂದಲ್ಲ. ‘ನಿನ್ನ ಕಥೆ ಹೇಳಮ್ಮ’ ಎಂದಾಗ ಅವರ ಮನಸ್ಸಿನಲ್ಲಿ ಕಥೆಯ ಅಳತೆಗೋಲಾಗಿ ನಿಲ್ಲುವುದು ಗಂಡನ ಕಥೆ. ಅಣೆಕಟ್ಟು, ಪರಿಹಾರದ ಅರ್ಜಿ, ತಾಲ್ಲೂಕು ಕಚೇರಿ, ಕೋರ್ಟು, ಅಡಿಕೆ ಮಂಡಿ. ಅಂಥದ್ದು ತನ್ನಲ್ಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದ್ದರಿಂದ ಕಥೆ ಕೇಳಬೇಡಿ, ಕೆಲಸ ಕೇಳಿ. ಕೈಯಿಂದ ಮಾಡಿದ ಒಂದು ಕೆಲಸವನ್ನು ಆರಿಸಿಕೊಂಡು ಅದನ್ನು ಹೇಗೆ ಮಾಡುತ್ತಿದ್ದರು ಎಂದು ಬಿಡಿಸಿ ಬಿಡಿಸಿ ಕೇಳಿ.

ನಿಮ್ಮ ಸೀಮೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ನನ್ನ ಮುಂದೆಯೂ ಇದೇ ಮಾತು ಹೇಳಿ ಎದ್ದುಬಿಟ್ಟಿದ್ದರು. ಊಟದ ಎಲೆಯಲ್ಲಿ ಅವರು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಮಿಡಿ ಹೇಗೆ ಆರಿಸುತ್ತೀರಿ ಎಂದು ಕೇಳಿದೆ. ನೆಲಕ್ಕೆ ಬಿದ್ದದ್ದು ಬೇಡ ಎಂದರು. ಮರ ಹತ್ತಿದವನು ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕು, ತೊಟ್ಟು ಉಳಿದಿರಬೇಕು, ಪೆಟ್ಟು ಬಿದ್ದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ಉಪ್ಪಿನಲ್ಲಿ ಹಾಕಿದ ಮಿಡಿ ಎಷ್ಟು ದಿನಕ್ಕೆ ಸುಕ್ಕಾಗುತ್ತದೆ, ಸಾಸಿವೆ ಯಾವಾಗ ಬೀಸಬೇಕು ಎಂದೆಲ್ಲ ಹೇಳಿದ ಮೇಲೆ, ಮರ ಯಾವುದು ಎಂದೆ. ‘ಹೊಳೆದಂಡೆಯದು. ನೀರಿನಡಿ ಹೋಯಿತು’ ಎಂದವರು ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು. ಊರು ಬಿಡುವ ವರ್ಷವೂ ಅವರ ಅತ್ತೆ ಮಿಡಿ ಇಳಿಸಿ ಭರಣಿ ತುಂಬಿದರಂತೆ. ಗಾಡಿಯಲ್ಲಿ ಬೇರೆ ಸಾಮಾನಿಗೆ ಜಾಗವಿಲ್ಲದಿದ್ದರೂ ಆ ಭರಣಿಗೆ ಸುತ್ತ ಹುಲ್ಲು ಒತ್ತಿ ತಂದರಂತೆ. ‘ಊರು ಹೋದ ಮೇಲೂ ಎರಡು ವರ್ಷ ಆ ಮರದ ಮಿಡಿ ಉಂಡೆವು’ ಎಂದರು. ಅಂದು ಮಧ್ಯಾಹ್ನ ಅವರು ಎರಡು ಗಂಟೆ ಮಾತಾಡಿದರು. ಕಥೆ ಎಂಬ ಶಬ್ದ ಒಮ್ಮೆಯೂ ನಮ್ಮ ನಡುವೆ ಬರಲಿಲ್ಲ.

ನಿಮ್ಮ ಅಮ್ಮನಿಗೆ ಇನ್ನೊಂದು ಬಾಗಿಲೂ ಇದೆ: ತವರಿಗೆ ಹೋಗುವ ದಾರಿ. ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯವರಿಗೆಲ್ಲ ಸಾಗರ ಮುಟ್ಟಲು ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚ್, ಎಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿ, ಆಗಿತ್ತು. ಬಸ್ಸು, ಜನ, ಗೊಬ್ಬರದ ಚೀಲ, ಮದುವೆ ದಿಬ್ಬಣ ಎಲ್ಲವೂ ಅದರ ಮೇಲೆಯೇ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿನವರು ದಶಕಗಳ ಕಾಲ ಕೇಳಿ ಪಡೆದ ಸೇತುವೆ ಅದು, ಬರಲೇಬೇಕಿತ್ತು. ಆದರೆ ಕೊನೆಯ ಲಾಂಚ್ ತಪ್ಪಿದ ರಾತ್ರಿ ಎಲ್ಲಿ ಉಳಿಯುತ್ತಿದ್ದರು, ಬಸುರಿಯನ್ನು ಆ ದಡಕ್ಕೆ ಮುಟ್ಟಿಸಿದ್ದು ಹೇಗೆ, ತವರಿನಿಂದ ಸಾವಿನ ಸುದ್ದಿ ಯಾರ ಕೈಯಲ್ಲಿ ಬರುತ್ತಿತ್ತು ಎಂಬುದನ್ನು ಇನ್ನು ಯಾರೂ ಬದುಕಿ ತಿಳಿಯುವುದಿಲ್ಲ. ಅದನ್ನು ಬದುಕಿದವರು ನಿಮ್ಮ ಮನೆಯಲ್ಲಿದ್ದಾರೆ.

ಇನ್ನು ಅಪ್ಪಯ್ಯ. ಹೇಳಿದ್ದನ್ನೇ ಹೇಳುವ ಹಿರಿಯರ ಕಥೆ ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣುಪಾಗಿರುತ್ತದೆ. ಅದನ್ನು ತಡೆಯಬೇಡಿ. ಒಮ್ಮೆ ಪೂರ್ತಿ ಹೇಳಲಿ, ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಅದೇ ದಿನದೊಳಗಿನ ಸಣ್ಣ ಸಂಗತಿಗಳನ್ನು ಕೇಳಿ. ಗಾಡಿ ಹೊರಟ ದಿನ ಮಧ್ಯಾಹ್ನದ ಊಟ ಎಲ್ಲಿ ಆಯಿತು? ನಾಯಿ ಜೊತೆಗೆ ಬಂತೇ? ಮನೆಯ ಬಾಗಿಲು, ಚೌಕಟ್ಟು, ಹೆಂಚು ಇಳಿಸಿ ತಂದಿರೋ, ಬಿಟ್ಟು ಬಂದಿರೋ? ನಿಮ್ಮ ಕೈಯಲ್ಲಿ ಏನಿತ್ತು? ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಆಗ ಅವರಿಗೆ ಹದಿನಾರೋ ಹದಿನೇಳೋ. ಹತ್ತರಿಂದ ಮೂವತ್ತರ ವಯಸ್ಸಿನೊಳಗಿನ ನೆನಪುಗಳು ಮನುಷ್ಯನಲ್ಲಿ ಎಲ್ಲಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಅವರು ಹೇಳದೇ ಬಿಟ್ಟದ್ದು ಮರೆತದ್ದಲ್ಲ, ಇದುವರೆಗೆ ಯಾರೂ ಕೇಳದೇ ಇದ್ದದ್ದು.

ಅಪ್ಪಯ್ಯನವರಿಗೆ ನಾನು ಮುಖ್ಯವಾಗಿ ಸೂಚಿಸುವುದು ನಕ್ಷೆ. ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಮೆತ್ತನೆಯ ಪೆನ್ಸಿಲ್ ಕೊಟ್ಟು ಮುಳುಗಿದ ಊರನ್ನು ಬರೆಯಲು ಹೇಳಿ. ಹೊಳೆ ಎಲ್ಲಿ, ಮನೆ ಎಲ್ಲಿ, ಬಾವಿ, ಭೂತನ ಕಟ್ಟೆ, ಸೊಪ್ಪಿನ ಬೆಟ್ಟದ ಕಾಲುದಾರಿ, ಪಕ್ಕದ ಮನೆಯವರು ಯಾರು. ಪ್ರತಿ ಗದ್ದೆಗೂ ಒಂದು ಹೆಸರಿರುತ್ತಿತ್ತು, ಅವನ್ನು ಬರೆಸಿ. ತೋಟದಲ್ಲಿ ಅಡಿಕೆಯ ಕೊನೆ ತೆಗೆಯಲು ಬರುತ್ತಿದ್ದವರು, ಮನೆಗೆಲಸಕ್ಕೆ ಬರುತ್ತಿದ್ದವರು ಎಲ್ಲಿಂದ ಬರುತ್ತಿದ್ದರು, ಅವರ ಹೆಸರೇನು, ಮುಳುಗಡೆಯ ನಂತರ ಅವರು ಎಲ್ಲಿಗೆ ಹೋದರು ಎಂದೂ ಕೇಳಿ. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಮೊದಲು ಮೌನ ಬರುತ್ತದೆ. ಕಾಯಿರಿ, ಹೆಸರುಗಳು ಒಂದೊಂದೇ ಬರುತ್ತವೆ. ಕೈ ಬರೆಯುತ್ತಿರುವಾಗ ಬಾಯಿ ತಾನಾಗಿ ಮಾತಾಡುತ್ತದೆ, ಆಗ ಮೊಬೈಲ್ ಪಕ್ಕದಲ್ಲಿ ಚಾಲೂ ಇರಲಿ. ಹಿನ್ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ 1948ರ ಮಡೆನೂರು ಅಣೆಕಟ್ಟೆ ನೀರಿನಿಂದ ತಲೆ ಎತ್ತುತ್ತದೆ. ಅಪ್ಪಯ್ಯನವರ ಕಾಲು ಗಟ್ಟಿಯಾಗಿದ್ದರೆ ಅಂಥದ್ದೊಂದು ಬೇಸಿಗೆಯಲ್ಲಿ ದಂಡೆಗೆ ಕರೆದುಕೊಂಡು ಹೋಗಿ, ಅಲ್ಲೇ ನಿಂತು ಕೈ ತೋರಿಸಿ ಹೇಳಲಿ. ಗಾಳಿಯ ಭೋರ್ಗರೆತ ಸ್ವಲ್ಪ ತಗ್ಗಿಸಲು ಮೊಬೈಲಿನ ಮೈಕ್ ಮೇಲೆ ಹತ್ತಿಬಟ್ಟೆ ಸುತ್ತಿ.

ಇಸವಿ ಕೇಳಿ ಅವರನ್ನು ತಡವರಿಸುವಂತೆ ಮಾಡಬೇಡಿ. ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನ ಎಷ್ಟೋ ಸಲ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಸಂವತ್ಸರದ ಹೆಸರು ನೆನಪಿದ್ದರೆ ಅದು ಹೆಚ್ಚು ನಂಬಿಕೆಗೆ ಅರ್ಹ. ಸರ್ವಜಿತು ಎಂದರೆ 1947ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ, ವಿಜಯ ಎಂದರೆ 1953–54. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ತಲೆಮಾರು ತಪ್ಪದಂತೆ ನೋಡಿಕೊಳ್ಳಿ. ಅದೂ ಇಲ್ಲದಿದ್ದರೆ ಊರಿಗೆಲ್ಲ ನೆನಪಿರುವ ಸಂಗತಿಗೆ ಕಟ್ಟಿ ಕೇಳಿ. ಆಣೆ ಹೋಗಿ ನಯಾಪೈಸೆ ಬಂದದ್ದು (1957ರ ಏಪ್ರಿಲ್), ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು (1973ರ ನವೆಂಬರ್), ತುರ್ತು ಪರಿಸ್ಥಿತಿ (1975), ಜನ ಬಾಗಿಲು ಹಾಕಿಕೊಂಡು ಕುಳಿತ 1980ರ ಫೆಬ್ರವರಿ 16ರ ಸೂರ್ಯಗ್ರಹಣ. ‘ಗ್ರಹಣಕ್ಕೆ ಮೊದಲೋ ಆಮೇಲೋ’ ಎಂದರೆ ಹಿರಿಯರಿಗೆ ಕೂಡಲೇ ಹೊಳೆಯುತ್ತದೆ.

ಕೇಳುವ ಕ್ರಮದ ಬಗ್ಗೆ ಒಂದು ಮಾತು. ‘ಎದುರಿನವರು ಮಾತಾಡುವಾಗ ದನಿ ಹೊರಡಿಸಬೇಡಿ, ತಲೆಯಾಡಿಸಿ ಸಾಕು’ ಎಂದು ಧ್ವನಿಮುದ್ರಣದ ಪಾಠಗಳಲ್ಲಿ ಹೇಳಿಕೊಡುತ್ತಾರೆ. ನಾನೂ ಹಾಗೆಯೇ ಶುರು ಮಾಡಿದ್ದೆ. ಆದರೆ ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಅಜ್ಜಿಯಂದಿರು ‘ನಿದ್ದೆ ಬಂತೇನೋ’ ಎಂದು ನಿಲ್ಲಿಸಿಬಿಡುತ್ತಾರೆ. ಕಣ್ಣು ಮಂಜಾದವರಿಗೆ ನೀವು ತಲೆಯಾಡಿಸಿದ್ದು ಕಾಣುವುದೂ ಇಲ್ಲ. ಆದ್ದರಿಂದ ಮೆಲ್ಲಗೆ ಹೂಂಗುಟ್ಟಿ, ವಾಕ್ಯ ಮುಗಿದ ಮೇಲೆ. ಅವರು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆ ಹಾಕಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಒಳ್ಳೆಯ ಮಾತು ಹೆಚ್ಚಾಗಿ ಆ ಮೌನದ ಆಚೆ ದಡದಲ್ಲಿರುತ್ತದೆ. ಮಧ್ಯೆ ತಿದ್ದಬೇಡಿ. ಅಪ್ಪಯ್ಯ ಎತ್ತಿನ ಗಾಡಿ ಎಂದು, ಚಿಕ್ಕಪ್ಪ ಲಾರಿ ಎಂದು ಹೇಳಿದರೆ ಎರಡೂ ಇರಲಿ. ‘ಇದು ನೀವೇ ಕಣ್ಣಾರೆ ಕಂಡದ್ದೋ, ಅಜ್ಜ ಹೇಳಿ ಕೇಳಿದ್ದೋ’ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೊನೆಯಲ್ಲಿ ಕೇಳಿ.

ನೋವಿನ ಸಂಗತಿಗಳು ಬಂದೇ ಬರುತ್ತವೆ. ಮುಳುಗಡೆಯವರಲ್ಲಿ ಆರು ದಶಕ ಕಳೆದರೂ ಕೊಟ್ಟ ಭೂಮಿಗೆ ಹಕ್ಕುಪತ್ರ ಸಿಗದ ಕುಟುಂಬಗಳಿವೆ. ಆ ಕಹಿಯ ಜೊತೆಗೆ ಪಾಲಿನ ಜಗಳ, ಸತ್ತ ಮಗು, ಮಾತು ಬಿಟ್ಟ ಅಣ್ಣತಮ್ಮಂದಿರು ಇರುತ್ತಾರೆ. ಕೆದಕಬೇಡಿ, ಬಂದರೆ ತಡೆಯಬೇಡಿ. ಅಮ್ಮನ ಕಣ್ಣು ತುಂಬಿದಾಗ ಗಾಬರಿಯಿಂದ ‘ಬಿಡಮ್ಮ, ಅದೆಲ್ಲ ಈಗ್ಯಾಕೆ’ ಎಂದುಬಿಡುವುದು ಮಕ್ಕಳ ಅಭ್ಯಾಸ. ಹಾಗೆ ಹೇಳುವುದು ಅವರ ಬಾಯಿ ಮುಚ್ಚಿಸಿದಂತೆ. ನೀರು ಕೊಡಿ, ಪಕ್ಕದಲ್ಲಿ ಕುಳಿತಿರಿ, ‘ನಿಲ್ಲಿಸಲೇ’ ಎಂದು ಕೇಳಿ, ಅವರು ಹೇಳಿದಂತೆ ಮಾಡಿ. ‘ಇದನ್ನು ಯಾರಿಗೂ ಕೇಳಿಸಬೇಡ’ ಎಂದರೆ ಆ ಭಾಗವನ್ನು ಬೇರೆ ಫೈಲ್ ಮಾಡಿ, ಯಾರು ಯಾವಾಗ ಕೇಳಬಹುದು ಎಂದು ಅವರ ಬಾಯಿಂದಲೇ ಹೇಳಿಸಿ ಅದನ್ನೂ ಧ್ವನಿಮುದ್ರಿಸಿಕೊಳ್ಳಿ. ಅವರಿಗೆ ತಿಳಿಯದಂತೆ ಕದ್ದು ಧ್ವನಿಮುದ್ರಿಸುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಎಷ್ಟೋ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಗೊತ್ತಾದ ದಿನ ಆ ಮನೆಯಲ್ಲಿ ಮಾತು ನಿಲ್ಲುತ್ತದೆ.

ನಿಮ್ಮ ತಮ್ಮನಿಗೆ ಹೇಳಿ: ಮಾತಿಗೆ ಧ್ವನಿ, ಕೈಗೆಲಸಕ್ಕೆ ವೀಡಿಯೊ. ಕ್ಯಾಮೆರಾ ಇಟ್ಟರೆ ಅಮ್ಮ ಸೀರೆ ಬದಲಿಸಿ ಬರುತ್ತಾರೆ, ಮಾತೂ ಬದಲಾಗುತ್ತದೆ. ಮಿಡಿ ಹಾಕುವುದು, ಹಸೆ ಚಿತ್ತಾರ ಬರೆಯುವುದು, ಅಪ್ಪಯ್ಯ ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುವುದು ಇವಕ್ಕೆ ವೀಡಿಯೊ ಬೇಕೇ ಬೇಕು. ಬೆರಳು ಎಲ್ಲಿ ತಿರುಗುತ್ತದೆ ಎಂಬುದನ್ನು ಮಾತು ಹೇಳಲಾರದು.

ಸಲಕರಣೆಗೆ ದುಡ್ಡು ಸುರಿಯಬೇಡಿ, ಕೈಯಲ್ಲಿರುವ ಮೊಬೈಲ್ ಸಾಕು. ಧ್ವನಿಮುದ್ರಣದ ಆ್ಯಪಿನಲ್ಲಿ ದನಿಯನ್ನು ಹಿಂಡದೆ ಉಳಿಸುವ ವೇವ್ (WAV) ಮಾದರಿ ಇದ್ದರೆ ಅದನ್ನೇ ಆರಿಸಿ. 44.1 ಕಿಲೋಹರ್ಟ್ಸ್, 16 ಬಿಟ್, ಮೋನೊದಲ್ಲಿ ಗಂಟೆಗೆ ಸುಮಾರು 300 ಎಂಬಿ ಆಗುತ್ತದೆ, ಹತ್ತು ಗಂಟೆಗೆ 3 ಜಿಬಿ. ಏರೋಪ್ಲೇನ್ ಮೋಡ್ ಹಾಕಿ, ಮಡಿಸಿದ ಟವೆಲಿನ ಮೇಲೆ, ಅವರ ಬಾಯಿಂದ ಒಂದೂವರೆ ಅಡಿಯೊಳಗೆ ಇಡಿ. ಫ್ಯಾನ್, ಟಿವಿ, ಕುಕ್ಕರ್ ನಿಲ್ಲಿಸಿ. ಮಳೆಗಾಲದಲ್ಲಿ ಜಗಲಿ ಬೇಡ, ನಿಮ್ಮ ಕಡೆಯ ಮಳೆ ಬೇರೇನನ್ನೂ ಕೇಳಿಸಗೊಡುವುದಿಲ್ಲ. ಹಾಸಿಗೆ, ಕಂಬಳಿ ಇರುವ ಒಳಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ. ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಆ ಕಡೆ ಕುಳಿತುಕೊಳ್ಳಿ. ಬೆಳಗಿನ ತಿಂಡಿಯ ನಂತರ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮೊದಲ ವಾಕ್ಯದಲ್ಲೇ ದಿನಾಂಕ, ಊರು, ಇಬ್ಬರ ಹೆಸರು ನೀವೇ ಹೇಳಿ. ಫೈಲಿಗೆ ಹೆಸರು ಬೇರೆಯಾದರೂ ಮಾತಿನೊಳಗಿನ ಗುರುತು ಅಳಿಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಹೋದಾಗ ಎರಡು ಸಲ ಕುಳಿತರೂ ವರ್ಷಕ್ಕೆ ಎಂಟು ಗಂಟೆಯಾಯಿತು. ಬೆಂಗಳೂರಿನಲ್ಲಿರುವಾಗ ಫೋನಿನಲ್ಲಿ ಬಂದ ನೆನಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮುಂದಿನ ಸಲ ಅಲ್ಲಿಂದ ಕೇಳಿ.

ಉಳಿಸುವುದು ಬೇರೆಯೇ ಕೆಲಸ, ಹೆಚ್ಚಿನವರು ಸೋಲುವುದು ಇಲ್ಲಿ. ಧ್ವನಿಮುದ್ರಿಸಿದ ದಿನವೇ ಮೂರು ಪ್ರತಿ ಮಾಡಿ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಬೇರೆ ಊರು ಎಂದರೆ ತಮ್ಮನ ಮನೆಯಾದರೂ ಸರಿ, ಕ್ಲೌಡ್ ಆದರೂ ಸರಿ. ಪೆನ್ ಡ್ರೈವ್ ಸಾಗಿಸಲಿಕ್ಕೆ ಆದೀತು, ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ನಂಬುವಂಥದ್ದಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಅಪ್ಪಯ್ಯನ ಹೆಸರಿನಲ್ಲಿ ಖಾತೆ ತೆರೆದು ಅದರಲ್ಲಿಟ್ಟು ಮರೆಯಬೇಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ಮೆಸೇಜ್ ಆದರೆ ದನಿಯನ್ನು ಹಿಂಡಿಬಿಡುತ್ತದೆ. ವರ್ಷಕ್ಕೊಮ್ಮೆ, ಯುಗಾದಿಯ ದಿನವೆಂದು ಇಟ್ಟುಕೊಳ್ಳಿ, ಮೂರೂ ಪ್ರತಿಗಳನ್ನು ತೆರೆದು ಕೇಳಿ ನೋಡಿ.

ಟ್ರಂಕಿನಲ್ಲಿರುವ ಪರಿಹಾರದ ಕಾಗದ, ಭೂ ನ್ಯಾಯಮಂಡಳಿಯ ಆದೇಶ, ಹಳೆಯ ಪತ್ರಗಳನ್ನು ಇದೇ ಓಡಾಟದಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ. ಮುಳುಗಡೆ ಕುಟುಂಬಕ್ಕೆ ಅವು ನೆನಪು ಮಾತ್ರವಲ್ಲ, ಹಕ್ಕಿನ ಪುರಾವೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಫೋಟೊಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ.

ಬರಹಕ್ಕೆ ಇಳಿಸುವಾಗ ಅಮ್ಮನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಈಗ ಮೊಬೈಲಿನಲ್ಲಿ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಕನ್ನಡಕ್ಕೂ ಇದೆ, ಆದರೆ ಮಲೆನಾಡಿನ ಮಾತು ಅದಕ್ಕೆ ಅರ್ಧ ತಿಳಿಯುವುದಿಲ್ಲ. ಕೇಳಿ ಕೇಳಿ ಕೈಯಲ್ಲೇ ಬರೆಯಬೇಕಾಗುತ್ತದೆ, ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ. ಪೂರ್ತಿ ಆಗದಿದ್ದರೆ ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಎಂಬ ಪಟ್ಟಿಯಾದರೂ ಇರಲಿ. ಕಂಬಳಿಕೊಪ್ಪೆ, ನಾಗಂದಿಗೆ, ಚೊಗರು, ಕೊಳಗ ಎಂಬಂಥ ಶಬ್ದ ಬಂದಾಗ ಅದರ ಅರ್ಥವನ್ನು ಅಮ್ಮನಿಂದಲೇ ಹೇಳಿಸಿ ಪಕ್ಕಕ್ಕೆ ಬರೆದಿಡಿ. ನಿಮ್ಮ ಮಕ್ಕಳಿಗೆ ಅದಿಲ್ಲದೆ ಅಜ್ಜಿಯ ಮಾತು ತೆರೆಯುವುದಿಲ್ಲ.

ಕ್ಯಾಸೆಟ್ಟಿನ ವಿಷಯ. ಅದನ್ನು ಯಾವ ಟೇಪ್ ರೆಕಾರ್ಡರಿಗೂ ಈಗ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ ಟೇಪು ಸಿಕ್ಕಿಕೊಂಡರೆ ಹರಿಯುತ್ತದೆ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಮೇಲೆ ಯಾರೂ ತಪ್ಪಿ ಅದರ ಮೇಲೆ ಬೇರೆ ಧ್ವನಿಮುದ್ರಿಸಲಾರರು. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಹಾಕಿ, ಸ್ಪೀಕರ್ ಹತ್ತಿರ ಇಡದೆ ಬೆಂಗಳೂರಿಗೆ ತನ್ನಿ. ಟೇಪು ಶುಚಿಮಾಡಿ ಡಿಜಿಟಲ್ ಮಾಡುವ ಅನುಭವಸ್ಥರಿಗೇ ಕೊಡಿ. ಎರಡೂ ಬದಿಯ ವೇವ್ ಫೈಲ್ ಕೇಳಿ, ಮೂಲ ಕ್ಯಾಸೆಟ್ಟನ್ನು ಮರಳಿ ಪಡೆಯಿರಿ.

ಆ ಹಾಡು ಸಿಕ್ಕಿದ ಮೇಲೆ ಊರಿಗೆ ಹೋದಾಗ ಅಮ್ಮನ ಪಕ್ಕದಲ್ಲಿ ಕುಳಿತು ಕೇಳಿಸಿ, ಇನ್ನೊಂದು ಮೊಬೈಲಿನಲ್ಲಿ ಧ್ವನಿಮುದ್ರಿಸುತ್ತಿರಿ. ಅಜ್ಜಿಯ ದನಿಗೆ ಹಿಂದಿನಿಂದ ಸೊಲ್ಲು ಹಿಡಿಯುವ ಹೆಂಗಸರು ಇದ್ದೇ ಇರುತ್ತಾರೆ. ‘ಇದು ಯಾರ ದನಿ ಅಮ್ಮ?’ ಎಂದು ಕೇಳಿ. ಆದರೆ ಕ್ಯಾಸೆಟ್ಟಿನ ಹಾಡು ಬರುವವರೆಗೆ ಕಾಯಬೇಕಾಗಿಲ್ಲ. ಈ ಸಲ ಹೋದಾಗ ತಿಂಡಿ ಮುಗಿದ ಮೇಲೆ ಹೀಗೆ ಕೇಳಿ: ‘ಮದುವೆಯಾದ ಮೇಲೆ ಮೊದಲ ಸಲ ಲಾಂಚ್ ದಾಟಿ ತವರಿಗೆ ಹೋದೆಯಲ್ಲ, ಅಂದು ಚೀಲದಲ್ಲಿ ಏನೇನು ತುಂಬಿಕೊಂಡಿದ್ದೆ?’